ಹಳೇ ಎಲೆಕ್ಟ್ರಿಕ್ ಗಿಟಾರು: ಮೊದಲು ಯಾವುದಕ್ಕ ಕೈ ಹಚ್ಚಲಿ?

ಬೆಟಗೇರಿ_ತಂತಿ (ಗದಗ)

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ಕೇಶ್ವಾಪುರದಾಗ ಒಬ್ಬ ಹಿರಿಯರ ಕಡಿಂದ ಹಳೇ ಎಲೆಕ್ಟ್ರಿಕ್ ಗಿಟಾರು ತಗೊಂಡೇನಿ. ಅವರು ಆರ್ಕೆಸ್ಟ್ರಾದಾಗ ಬಾರಸ್ತಿದ್ರಂತ, ಈಗ ಬೆರಳು ಸೆಟದು ಬಿಟ್ಟಾರ. ಸ್ಟ್ರಾಟೋಕಾಸ್ಟರ್ ಆಕಾರದ್ದು, ತಂತಿ ದನಿ ಹಿಡಿಯೋ ಒಂದ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್ ಮೂರು, ಐದು ಹಂತದ ಸ್ವಿಚ್ಚು, ಕುತಿಗಿ ಮೇಪಲ್, ಮ್ಯಾಲಿನ ಪಟ್ಟಿ ರೋಸ್‌ವುಡ್. ತಲಿ ಮ್ಯಾಲಿನ ಕಂಪನಿ ಹೆಸರು ಅಳಿಸಿ ಹೋಗೇತಿ. 3,500 ರೂಪಾಯಿ ಕೊಟ್ಟೆ.

ತೊಂದ್ರಿ ಇಷ್ಟ ಅದಾವು. ಆಂಪ್ಲಿಫೈಯರಿಗೆ ಹಚ್ಚಿದ್ರ ಗುಂಯ್ ಅಂತೈತಿ, ತಂತಿ ಮುಟ್ಟಿದ್ರ ಅರ್ಧ ಕಡಿಮಿ ಆಗತೈತಿ. ನಡುವಿನ ಪಿಕಪ್ ಒಂದ ಇಟ್ರ ದನೀನ ಇಲ್ಲ. ಟೋನ್ ಗುಂಡಿ ತಿರುವಿದ್ರ ಕರಕರ ಅಂತೈತಿ. ತೆಳು ತಂತಿ ಎರಡೂ 7ನೇ ಲೋಹದ ಅಡ್ಡಪಟ್ಟಿ ಅಂದ್ರ ಫ್ರೆಟ್‌ನಾಗ ಗರ್ ಅಂತಾವು, 8ರಾಗ ಒತ್ತಿದ್ರ ಸಾಫ್ ಐತಿ. 12ನೇ ಫ್ರೆಟ್ ಮ್ಯಾಲ ತಂತಿ ಎತ್ತರ ಹತ್ತಿರ ಹತ್ತಿರ 3 ಮಿಲಿಮೀಟರ್. ತಲಿ ಕಡೆ ತಂತಿ ಕೂಡೋ ನಟ್ ಪ್ಲಾಸ್ಟಿಕ್ಕಿಂದು, ಸೀಳೇತಿ.

ಇನ್ನೊಂದು ನನಗ ತಿಳೀವಲ್ದು. ನಾ ಸ್ವಲ್ಪ ಹಿಂದೂಸ್ತಾನಿ ಗಾಯನ ಕಲತೇನಿ. ದಪ್ಪ ತಂತಿ ಷಡ್ಜಕ್ಕ ಕೂಡಿಸಿ, ತೆಳು ತಂತಿ ಮ್ಯಾಲ ಭೂಪ, ಯಮನ್ ಬಾರಸಬೇಕು, ವಚನಕ್ಕ ಸಾಥ್ ಕೊಡಬೇಕು ಅಂತ ಆಸೆ. ಆದ್ರ ತೆಳು ತಂತಿ ಎಳದು ಮೀಂಡ್ (ಒಂದು ಸುರದಿಂದ ಇನ್ನೊಂದಕ್ಕ ಜಾರೋದು) ತಗದ್ರ ಅತ್ತಾಗ ಷಡ್ಜನ ಇಳದಂಗ ಕೇಳತೈತಿ. ಟ್ಯೂನರ್ ಹಚ್ಚಿ ನೋಡಿದೆ, ಖರೇನ ಇಳೀತೈತಿ.

ಕೈಯಾಗ ಇನ್ನ 4,000 ರೂಪಾಯಿ ಐತಿ. ಬಣ್ಣ ಎಲ್ಲಾ ಕೆರದು ಕಟಗಿ ಪಾಲಿಶ್ ಮಾಡಬೇಕು, ಎರಡು ಸುರುಳಿಯ ಹಂಬಕರ್ ಪಿಕಪ್ ಹಾಕಬೇಕು ಅಂತ ವಿಚಾರ ಐತಿ. ಯಾವುದು ಮೊದಲು ಮಾಡ್ಲಿ, ಹೇಳ್ರಿ.

ಗದಗ_ರೋಡ್_ಫಿಟ್ಟರ್ (ಹುಬ್ಬಳ್ಳಿ)

ಗಿಟಾರ್ ಬಿಚ್ಚೂಕಿಂತ ಮೊದಲು ನಿಮ್ಮ ಮನಿ ಪ್ಲಗ್ ನೋಡ್ರಿ. ಆಂಪ್ಲಿಫೈಯರಿನ ಮೂರು ಪಿನ್ನಿನಾಗ ಅರ್ಥ್ ಪಿನ್ ಕಡದಿದ್ರ, ಇಲ್ಲಾ ಎರಡು ಪಿನ್ನಿನ ಅಡಾಪ್ಟರ್ ಹಚ್ಚಿದ್ರ ಇವತ್ತ ತಗದು ಒಗೀರಿ. ಗುಂಯ್ ಅನ್ನೋದು ಸಣ್ಣ ಮಾತು. ಆಂಪ್ಲಿಫೈಯರಿನ ಒಳಗ ಕರೆಂಟು ಸೋರಿದ್ರ ಅದು ಕೇಬಲ್ ಹಿಡಿದು ತಂತಿಗೆ ಬರತೈತಿ. ಒಂದು ಕೈಯಾಗ ತಂತಿ, ಇನ್ನೊಂದು ಕೈಯಾಗ ಅರ್ಥ್ ಆಗಿರೋ ಮೈಕು ಹಿಡಿದ್ರ ಜೀವಕ್ಕ ಅಪಾಯ ಐತಿ. ಮಳ್ಯಾಗ ಪೆಂಡಾಲ್ ಕೆಳಗ ಬಾರಸೋರು ಇದನ್ನ ಮರೀಬಾರದು.

ವೈರ್‌ಮನ್ ಕರದು ಮೀಟರ್ ಹಚ್ಚಸ್ರಿ. ಫೇಸ್ ಮತ್ತ ಅರ್ಥ್ ನಡುವ 230 ವೋಲ್ಟಿನ ಆಸುಪಾಸು ಬರಬೇಕು, ನ್ಯೂಟ್ರಲ್ ಮತ್ತ ಅರ್ಥ್ ನಡುವ ಒಂದೆರಡು ವೋಲ್ಟಿನ ಮ್ಯಾಲ ಹೋಗಬಾರದು. ಅರ್ಥ್ ಚಲೋ ಇದ್ದೂ ಗುಂಯ್ ಅಂದ್ರ ಆಗ ಗಿಟಾರ್ ಬಿಚ್ರಿ. ಟ್ಯೂಬ್‌ಲೈಟ್, ಫ್ಯಾನಿನ ರೆಗ್ಯುಲೇಟರ್, ಮೊಬೈಲ್ ಚಾರ್ಜರ್ ಆರಿಸಿ ಒಂದ್ಸಲ ಕೇಳ್ರಿ.

ಜವಾರಿ_ಮಾಳಮಡ್ಡಿ (ಧಾರವಾಡ)

ಫಿಟ್ಟರ್ ಸಾಹೇಬ್ರು ಹೇಳಿದ್ದನ್ನ ಮೊದಲು ಮಾಡ್ರಿ. ಆಮ್ಯಾಲ ನನ್ನ ಮಾತು.

ನಾ ತಂಬೂರಿ ಜವಾರಿ ತಗಿಯೋ, ಅಂದ್ರ ಅದರ ಬ್ರಿಜ್ ಉಜ್ಜಿ ಝೇಂಕಾರ ಬರಿಸೋ ಕೆಲಸದವ. ಗಿಟಾರೂ ನನ್ನ ಕಡೆ ಬರ್ತಾವ. ಹಳೇ ಗಿಟಾರು ತಂದವರು ಬಹುತೇಕ ಪಿಕಪ್ಪಿನಿಂದನ ಶುರು ಮಾಡ್ತಾರ, ಯಾಕಂದ್ರ ಅದು ರೊಕ್ಕ ಕೊಟ್ಟು ತರೋ ಸಾಮಾನು. ನಿಮ್ಮ ಪತ್ರದಾಗ ನನಗ ಎಲ್ಲಾಕಿಂತ ದೊಡ್ಡದಾಗಿ ಕಂಡದ್ದು ಷಡ್ಜ ಇಳಿಯೋದು. ಷಡ್ಜ ನಿಲ್ಲದಿದ್ರ ಯಮನ್ ಎಲ್ಲಿಂದ ಬರಬೇಕ್ರಿ? ಅದನ್ನ ಸರಿ ಮಾಡ್ಲಿಕ್ಕೆ ಒಂದು ರೂಪಾಯಿನೂ ಬೇಕಾಗಿಲ್ಲ.

ನಿಮ್ಮ ಗಿಟಾರಿನ ಬ್ರಿಜ್, ಅಂದ್ರ ಮೈ ಮ್ಯಾಲ ತಂತಿ ಕೂಡೋ ಲೋಹದ ಪಟ್ಟಿ, ತೇಲ್ತದ. ಸ್ಟ್ರಾಟೋಕಾಸ್ಟರ್ 1954ರಾಗ ಬಂದಾಗಿಂದ ಅದರ ರಚನಾನ ಹಂಗದ. ಒಂದು ಕಡೆ ಆರು ತಂತಿ ಎಳೀತಾವ, ಹಿಂದ ಮುಚ್ಚಳದ ಕೆಳಗ ಸ್ಪ್ರಿಂಗ್ ಎಳೀತಾವ, ಬ್ರಿಜ್ ನಡುವ ತೂಕ ಹಿಡಿದು ನಿಂತಿರ್ತದ. ನೀವು ತೆಳು ತಂತಿ ಎಳದಾಗ ಆ ಕಡೆ ಎಳತ ಹೆಚ್ಚಾಗಿ ಬ್ರಿಜ್ ಒಂದು ಕೂದಲಷ್ಟು ಮುಂದ ಬಾಗ್ತದ, ಉಳಿದ ಐದೂ ತಂತಿ ಸಡಿಲ ಆಗ್ತಾವ. ಒಂದ ತಂತಿ ಬಾರಸೋರಿಗೆ ಇದು ಗೊತ್ತೂ ಆಗೂದಿಲ್ಲ. ನೀವು ಷಡ್ಜ ಮಿಡದು ಅದರ ಮ್ಯಾಲ ಮೀಂಡ್ ತಗೀತೀರಿ, ಹಿಂಗಾಗಿ ತಕ್ಷಣ ಕಿವಿಗೆ ಚುಚ್ತದ. ನಿಮ್ಮ ಕಿವಿ ಚಲೋ ಅದ, ಅದನ್ನ ನಂಬ್ರಿ.

ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತಗೀರಿ. ಸ್ಪ್ರಿಂಗ್ ಸಿಗಿಸಿದ ಲೋಹದ ಪಟ್ಟಿಗೆ ಎರಡು ಉದ್ದನ್ನ ಸ್ಕ್ರೂ ಇರ್ತಾವ. ತಂತಿ ಸ್ವಲ್ಪ ಸಡಿಲ ಬಿಟ್ಟು ಎರಡನ್ನೂ ಸಮ ಬಿಗಿ ಮಾಡ್ರಿ, ಬ್ರಿಜ್ ಪೂರ್ತಿ ಮೈಗೆ ಹತ್ತಿ ಕೂಡಬೇಕು. ಮೂರ ಸ್ಪ್ರಿಂಗ್ ಇದ್ರ ಐದು ಮಾಡ್ರಿ. ಅಷ್ಟಕ್ಕೂ ಮೀಂಡಿನಾಗ ಏಳ್ತದ ಅಂದ್ರ ಒಳಗಿನ ಲೋಹದ ಗಟ್ಟಿಗೂ ಕಟಗಿ ಗ್ವಾಡಿಗೂ ನಡುವ ಚೊಲೋ ಒಣಗಿದ ಸಾಗವಾನಿ ತುಂಡು ಅಳತಿ ಮಾಡಿ ಸಿಗಿಸ್ರಿ. ಅಂಟು ಹಚ್ಚಬ್ಯಾಡ್ರಿ, ನಾಳೆ ಬ್ಯಾಡಾದ್ರ ತಗದು ಹಾಕಬಹುದು. ನಮ್ಮ ಸಂಗೀತ ಬಾರಸೋರಿಗೆ ಈ ಗಿಟಾರಿನಾಗ ಇದಕ್ಕಿಂತ ದೊಡ್ಡ ಬದಲಾವಣಿ ಇಲ್ಲ ಅಂತ ನನ್ನ ಅಭಿಪ್ರಾಯ.

ಇನ್ನ 7ನೇ ಫ್ರೆಟ್ಟು. 7ರಾಗ ಗರ್, 8ರಾಗ ಸಾಫ್ ಅಂದ್ರ 8ನೇ ಫ್ರೆಟ್ ಎದ್ದದ, ತಂತಿ ಅದರ ತಲಿಗೆ ತಾಗ್ತದ. ನೇರ ಇರೋ ಸಣ್ಣ ಸ್ಟೀಲ್ ತುಂಡು 7, 8, 9ರ ಮ್ಯಾಲ ಇಟ್ಟು ಅಲುಗಾಡಿಸ್ರಿ, ಟಕ್ ಟಕ್ ಅಂತದ. ಎಲ್ಲಾ ಫ್ರೆಟ್ ಉಜ್ಜಿ ಸಮ ಮಾಡೋಣ ಅಂತ ಯಾರರೆ ಅಂದ್ರ ಒಪ್ಪಬ್ಯಾಡ್ರಿ. ಎದ್ದ ಫ್ರೆಟ್ಟಿನ ಸಲುವಾಗಿ ಉಳಿದೆಲ್ಲಾ ಯಾಕ ಸವೀಬೇಕು? ಕುತಿಗಿ ಕೆಳಗ ಮೆತ್ತನ್ನ ಆಸರಾ ಕೊಟ್ಟು, ಫ್ರೆಟ್ ಮ್ಯಾಲ ಗಟ್ಟಿ ಕಟಗಿ ತುಂಡಿಟ್ಟು ಸಣ್ಣ ಸುತ್ತಿಗಿಂದ ಹಗೂರಕ ಬಡೀರಿ. ಕೂತು ಮತ್ತ ಏಳ್ತಿದ್ರ ಎರಡೂ ಕಡೆ ಟೇಪ್ ಹಚ್ಚಿ, ಸಂದಿಗೆ ಒಂದು ಹನಿ ಫೆವಿಕ್ವಿಕ್ ಬಿಟ್ಟು, ಆರೂತನಕ ಒತ್ತಿ ಹಿಡೀರಿ. ಮೀಂಡಿಗೆ ಫ್ರೆಟ್ಟಿನ ಎತ್ತರ ಬೇಕು. ಸವದು ಚಪ್ಪಟಿ ಆದ ಫ್ರೆಟ್ ಮ್ಯಾಲ ಬೆರಳು ತಂತಿ ಹಿಡಿಯೂದಿಲ್ಲ, ಜಾರ್ತದ.

ಆಮ್ಯಾಲ ಕುತಿಗಿ. ಮೊದಲ ಫ್ರೆಟ್ ಒತ್ತಿ ಹಿಡಿದು, ಕುತಿಗಿ ಮೈಗೆ ಕೂಡೋ ಜಾಗಾದಾಗ ಇನ್ನೊಂದು ಕೈಲೆ ಒತ್ತಿ, 7-8ರ ಹತ್ರ ತಂತಿ ಕೆಳಗಿನ ಸಂದಿ ನೋಡ್ರಿ. ವಿಸಿಟಿಂಗ್ ಕಾರ್ಡಿನ ದಪ್ಪ, ಅಂದ್ರ 0.25 ಮಿಲಿಮೀಟರ್ ಆಸುಪಾಸು ಇರಬೇಕು. ಹೆಚ್ಚಿದ್ರ ಕುತಿಗಿ ಒಳಗಿನ ಸಲಾಕಿ (ಟ್ರಸ್ ರಾಡ್) ತಿರುವೋ ನಟ್ಟಿಗೆ ಸರಿಯಾದ ಎಲೆನ್ ಕೀ ಹಾಕಿ ಬಲಕ್ಕ ಕಾಲು ಸುತ್ತು ತಿರುವ್ರಿ. ಬಿಗಿ ಅನಿಸಿದ್ರ ಅಲ್ಲೇ ನಿಲ್ಲಸ್ರಿ, ಜೋರು ಮಾಡಬ್ಯಾಡ್ರಿ. ಕಾಲು ಸುತ್ತು ತಿರುವಿ, ಸುರ ಕೂಡಿಸಿ, ಒಂದು ದಿನ ಬಿಡ್ರಿ. ಕಟಗಿ ಹವಾಕ್ಕ ಹೊಂದಿಕೋತದ. ನಮ್ಮ ಧಾರವಾಡದ ಮಳಿಗಾಲದಾಗ ಹಸಿ ಹೀರಿ ಕುತಿಗಿ ಬಾಗ್ತದ. ನಿಮ್ಮ ಗದಗಿನ ಬ್ಯಾಸಗ್ಯಾಗ ಪಟ್ಟಿ ಒಣಗಿ ಕುಗ್ಗಿ ಫ್ರೆಟ್ಟಿನ ತುದಿ ಅಂಗೈಗೆ ಚುಚ್ತಾವ. ಹುಬ್ಬಳ್ಳಿಂದ ಗದಗಿಗೆ ಬಂದ ವಾದ್ಯ ಅದು, ಸ್ವಲ್ಪ ದಿನ ಕೊಡ್ರಿ. ಕುತಿಗಿ ಸರಿಯಾದ ಮ್ಯಾಲ ಬ್ರಿಜ್ಜಿನ ಸಣ್ಣ ಸ್ಕ್ರೂಲೆ ತಂತಿ ಇಳಸ್ರಿ, 12ನೇ ಫ್ರೆಟ್ಟಿನಾಗ ತೆಳು ತಂತಿ 1.6, ದಪ್ಪ ತಂತಿ 2 ಮಿಲಿಮೀಟರ್. ಅದಕ್ಕೂ ಕೆಳಗ ಹೋಗಬ್ಯಾಡ್ರಿ, ಮೀಂಡಿನಾಗ ಬೆರಳು ತಂತಿ ಕೆಳಗ ಹೋಗಬೇಕು.

ನಟ್ ಎಲುಬಿಂದು ಹಾಕ್ರಿ. ಮಿರಜದಾಗ ಸಿತಾರ, ತಂಬೂರಿ ಮಾಡೋರ ಕಡೆ ಎಲುಬಿನ ತುಂಡು ಸಿಗ್ತಾವ. ಹುಬ್ಬಳ್ಳಿಂದ ರೈಲಿಗೆ ಹೋಗಿ ಬರಬಹುದು. ತಂಬೂರಿ ಬ್ರಿಜ್ಜಿನ ಮ್ಯಾಲ ತಂತಿ ಸವರಿಕೊಂಡು ಹೋಗಲಿ ಅಂತ ಅವರು ಉಜ್ತಾರ, ಆ ಝೇಂಕಾರ ಬರೋದ ಹಂಗ. ನಟ್ಟಿನ ತೋಡಿನೊಳಗ ಅದ ಝೇಂಕಾರ ಬಂದ್ರ ದೋಷ. ಎಲ್ಲಿ ತಾಗಬೇಕು ಎಲ್ಲಿ ತಾಗಬಾರದು ಅನ್ನೋದು ಆ ಕೈಗಳಿಗೆ ಗೊತ್ತದ. ನಟ್ ಕೂಡೋ ತೋಡಿನ ಅಗಲ ನಿಮ್ಮದರ ಮ್ಯಾಲ ಅಳೀರಿ, ಇಂಥವು 3.2ರಿಂದ 3.5 ಮಿಲಿಮೀಟರ್ ಇರ್ತಾವ. ಮೂರನೇ ಫ್ರೆಟ್ ಒತ್ತಿದಾಗ ಮೊದಲ ಫ್ರೆಟ್ ಮ್ಯಾಲ ಬೆಳಕು ತೂರೋವಷ್ಟ ಸಂದಿ ಇರಬೇಕು. ಇದು ಸರಿ ಆದ್ರ ಮೀಂಡ್ ತಗದ ತಂತಿ ವಾಪಸ್ ತನ್ನ ಸುರಕ್ಕ ಬಂದು ಕೂಡ್ತದ.

ಬಣ್ಣ ಕೆರೀಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಇಂಥ ಗಿಟಾರಿಗೆ ಹಚ್ಚಿದ್ದು ಹೆಚ್ಚಾಗಿ ದಪ್ಪ ಪಾಲಿಯೆಸ್ಟರ್ ಲೇಪ, ಗಾಜಿನಂಗ ಗಟ್ಟಿ. ಬಿಸಿ ಗಾಳಿ ಹೊಡೀಬೇಕು, ಅದರ ಹೊಗಿ, ಧೂಳು ಎದಿಗೆ ಕೆಟ್ಟದ್ದು. ಕೆರದ ಮ್ಯಾಲ ಒಳಗ ತುಂಡು ತುಂಡು ಜೋಡಿಸಿದ ಕಟಗಿ ಇಲ್ಲಾ ಪ್ಲೈವುಡ್ ಬಂದ್ರ ಏನು ಮಾಡ್ತೀರಿ? ಕುತಿಗಿ ಕೂಡೋ ತೋಡು ಉಜ್ಜಿ ಅಗಲಾದ್ರ ಕುತಿಗಿನ ಅಲಗಾಡ್ತದ. ಕಾರಿಗೆ ಹಚ್ಚೋ ರಬಿಂಗ್ ಕಾಂಪೌಂಡ್ ಮೆತ್ತನ್ನ ಅರವಿಲೆ ತಿಕ್ಕಿ, ಆಮ್ಯಾಲ ವ್ಯಾಕ್ಸ್ ಹಚ್ರಿ. ಆ ಹಿರಿಯರ ಮೊಣಕೈ ತಿಕ್ಕಿ ಬಣ್ಣ ಸವದಲ್ಲೆ ಹಂಗ ಇರಲಿ. ಅದು ದುಡಿದ ವಾದ್ಯ.

ಟೋನ್ ಗುಂಡಿ ಕರಕರಕ್ಕ ಕಾಂಟ್ಯಾಕ್ಟ್ ಕ್ಲೀನರ್ ಹೊಡದು ಆ ಕಡೆ ಈ ಕಡೆ ಸಾಕಷ್ಟು ಸಲ ತಿರುವ್ರಿ. ಹೋಗಲಿಲ್ಲಾ ಅಂದ್ರ 250ಕೆ (250 ಕಿಲೋ ಓಮ್) ಪಾಟ್, ಅಂದ್ರ ಗುಂಡಿ ಕೆಳಗಿನ ಸಾಮಾನು, ತರ್ರಿ, ಮ್ಯಾಲ ಎ250ಕೆ ಅಂತ ಬರದಿರ್ತದ. ರೇಡಿಯೋ ಸಾಮಾನಿನ ಅಂಗಡ್ಯಾಗ 220ಕೆ ಸಿಕ್ಕರೂ ನಡೀತದ. 

ಹಾವೇರಿ_ಸುರ (ಹಾವೇರಿ)

ಅಣ್ಣಾರ ಹೇಳಿದ್ದು ಎಲ್ಲಾ ಒಪ್ಪತೇನ್ರಿ, ಅವರು ಬಿಟ್ಟ ಹಂಬಕರ್ ಮಾತು ನಾ ಹೇಳತೇನಿ. ನಾ ಗಣಪತಿ ಪೆಂಡಾಲಿನಾಗ, ಮದುವಿ ಆರತಕ್ಷತಿಯೊಳಗ ಬಾರಸಾಕಿ. ಎಲ್‌ಇಡಿ ಗ್ವಾಡಿ, ಲೈಟಿನ ಡಿಮ್ಮರ್, ಹಿಂದ ಜನರೇಟರ್. ಅಲ್ಲಿ ಸಿಂಗಲ್ ಕಾಯಿಲ್ ಒಳಗ ಎಷ್ಟ ತಾಮ್ರದ ಟೇಪ್ ಅಂಟಿಸಿದ್ರೂ ಗುಂಯ್ ಪೂರ್ತಿ ಹೋಗೂದಿಲ್ಲ. ಟೇಪ್ ವಿದ್ಯುತ್ತಿನ ಗದ್ದಲ ತಡೀತೈತಿ, ಟ್ರಾನ್ಸ್‌ಫಾರ್ಮರಿನ ಕಾಂತದ ಗದ್ದಲ ತಡಿಯೂದಿಲ್ಲ. ಅದಕ್ಕ ಎರಡು ಸುರುಳಿ ಉಲ್ಟಾ ಕೂಡಿಸಿದ ಹಂಬಕರ್ರ ಬೇಕು. 1950ರ ದಶಕದಾಗ ಗಿಬ್ಸನ್ ಕಂಪನ್ಯಾಗ ಸೆತ್ ಲವರ್ ಅದನ್ನ ಮಾಡಿದ್ದ ಈ ಗುಂಯ್ ಕಳ್ಯಾಕ.

ಬೆಟಗೇರಿ ತಮ್ಮಾರ, ಮನ್ಯಾಗ ಬಾರಸೋದಾದ್ರ ಈಗಿರೋದು ಸಾಕು. ಸ್ಟೇಜ್ ಹತ್ತೋದಾದ್ರ ಸಿಂಗಲ್ ಕಾಯಿಲ್ ಅಳತ್ಯಾಗ ಬರೋ ಹಂಬಕರ್ ಸಿಗತಾವು, ಮ್ಯಾಲ ಎರಡು ಉದ್ದನ್ನ ಪಟ್ಟಿ ಇರತಾವು. ಕಟಗಿ ಕೊರಿಯೂದು ಬ್ಯಾಡ, ಪ್ಲಾಸ್ಟಿಕ್ ಪ್ಲೇಟ್ ಕೊಯ್ಯೂದು ಬ್ಯಾಡ, ಅದ ತೂತಿನಾಗ ಕೂಡತೈತಿ.

ಜವಾರಿ_ಮಾಳಮಡ್ಡಿ (ಧಾರವಾಡ)

ಅಕ್ಕಾರು ಹೇಳಿದ್ದು ಖರೇ ಅದ. ಕಟಗಿ ಕೊರೀದ ಕೂಡೋದಾದ್ರ ನನ್ನ ತಕರಾರಿಲ್ಲ. ಹಳೇ ಪಿಕಪ್ ಒಂದು ಡಬ್ಬ್ಯಾಗ ಜ್ವಾಪಾನ ಇಡ್ರಿ. ಟೇಪ್ ಹಚ್ಚೋದಾದ್ರ ಅಂಟಿನಾಗೂ ಕರೆಂಟ್ ಹಾಯೋ ತಾಮ್ರದ ಟೇಪ್ ತಗೋರಿ, ಒಂದಕ್ಕೊಂದು ಜೋಡಿ ಆಗೇದೋ ಇಲ್ಲೋ ಮೀಟರಿನಾಗ ನೋಡ್ರಿ, ಅದಕ್ಕ ಒಂದು ಗ್ರೌಂಡ್ ವೈರ್ ಹಾಕ್ರಿ. ಜ್ಯಾಕಿನ ಬಿಸಿ ಕಾಲು (ದನಿ ಹಾಯೋದು) ಟೇಪಿಗೆ ತಾಗಿದ್ರ ದನಿನ ಬಂದ್ ಆಗ್ತದ.

ಬೆಟಗೇರಿ_ತಂತಿ (ಗದಗ)

ಎಲ್ಲಾರಿಗೂ ಭಾಳ ಉಪಕಾರ್ರಿ. ಪ್ಲಗ್ಗಿನಾಗ ಅರ್ಥ್ ವೈರೇ ಕೂಡಿಸಿರಲಿಲ್ಲ, ವೈರ್‌ಮನ್ ಬಂದು ಸರಿ ಮಾಡಿದ್ರು. ಗುಂಯ್ ಭಾಳ ಇಳದೈತಿ. ಸ್ಪ್ರಿಂಗ್ ಬಿಗಿ ಮಾಡಿದೆ. ಗಾಂಧಾರದಿಂದ ಪಂಚಮದತನಕ ಎಳದ್ರೂ ಷಡ್ಜ ಕದಲೂದಿಲ್ಲರಿ! ಅವತ್ತು ರಾತ್ರಿ ಊಟಕ್ಕ ಕರದ್ರೂ ಏಳಲಿಲ್ಲ. 8ನೇ ಫ್ರೆಟ್ ಬಡದು ಕೂಡಿಸಿದೆ, ಕೂತೈತಿ.

ಉಳಿದಿದ್ದು ನಡುವಿನ ಪಿಕಪ್. ಮೀಟರ್ ಐತಿ, ಹೆಂಗ ನೋಡೋದು?

ಜವಾರಿ_ಮಾಳಮಡ್ಡಿ (ಧಾರವಾಡ)

ಪಂಚಮದತನಕ ಎಳದು ಷಡ್ಜ ನಿಂತದ ಅಂದ್ರ ನನಗೂ ಊಟ ಸೇರಿದಂಗಾತು.

ಮೊದಲು ಬಿಚ್ಚಬ್ಯಾಡ್ರಿ. ಗಿಟಾರಿಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್ಲಿನ ಇನ್ನೊಂದು ತುದಿಗೆ ಮೀಟರ್ ಹಚ್ರಿ, ಓಮ್ ಮ್ಯಾಲ ಇಟ್ಟು. ಸ್ವಿಚ್ ಒಂದೊಂದ ಹಂತಕ್ಕ ತನ್ರಿ. ಒಂದ ಪಿಕಪ್ ಇರೋ ಹಂತದಾಗ 5ರಿಂದ 7 ಕಿಲೋ ಓಮ್ ಬಂದ್ರ ಜೀವ ಅದ. ನಡುವಿನ ಹಂತದಾಗ 200 ಕಿಲೋ ಓಮಿನ ಮ್ಯಾಲ ತೋರಿಸಿದ್ರ ಪಿಕಪ್ ಸಂಪರ್ಕದಾಗಿಲ್ಲ, ಮೀಟರ್ ಬರೇ ವಾಲ್ಯೂಮ್ ಪಾಟ್ ಓದ್ಲಿಕತ್ತದ ಅಂತ ತಿಳೀರಿ. ಎರಡೆರಡು ಪಿಕಪ್ ಕೂಡೋ ಹಂತದಾಗ 3ರ ಸುತ್ತ ಬಂದ್ರ ಪಿಕಪ್ ಚಲೋ ಅದ, ಸ್ವಿಚ್ಚಿನ ನಡುವಿನ ಕಾಲು ಕೆಟ್ಟದ, ಕ್ಲೀನರ್ ಹೊಡದು ನೋಡ್ರಿ.

ಅಲ್ಲೂ ಬರಲಿಲ್ಲ ಅಂದ್ರ ಪ್ಲೇಟ್ ಬಿಚ್ಚಿ ಪಿಕಪ್ಪಿನ ಎರಡು ವೈರಿನ ಕಡೆ ನೇರ ಮೀಟರ್ ಇಡ್ರಿ. ಸುರುಳಿ ತಾಮ್ರದ ಎಳಿ ಕೂದಲಿನಷ್ಟ ತೆಳು ಇರ್ತದ, 0.06 ಮಿಲಿಮೀಟರ್. ಬಹಳ ಸಲ ಅದು ಕಡಿಯೋದು ಹೊರಗಿನ ತುದಿಯೊಳಗ, ಬೆಸುಗಿ ಬಿಂದುವಿನ ಹತ್ರ. ಭೂತಗನ್ನಡಿ ಹಿಡಿದು ನೋಡ್ರಿ. ಹೊರಗಿನ ತುದಿ ಸಿಕ್ಕರ ಅರ್ಧ ಸುತ್ತು ಬಿಚ್ಚಿ, ಬೆಸುಗಿ ಬಿಂದುವಿಗೆ ಸುತ್ತಿ, 25 ವ್ಯಾಟ್ ಐರನ್ನಿಲೆ ಒಂದು ಸಣ್ಣ ಹನಿ ಸೀಸ ಮುಟ್ಟಸ್ರಿ. ಒಳಗ ಕಡದಿದ್ರ ಅದೊಂದ ಪಿಕಪ್ ಬದಲಿ ಮಾಡ್ರಿ, ಉಳಿದ ಎರಡು ಹಂಗ ಇರಲಿ. ಹೊಸದು ಉಲ್ಟಾ ಸುತ್ತಿದ್ದು, ಉಲ್ಟಾ ಕಾಂತದ್ದು ಕೇಳಿ ತಗೋರಿ. ಆಗ ಎರಡನೇ, ನಾಲ್ಕನೇ ಹಂತದಾಗ ಎರಡು ಪಿಕಪ್ ಕೂಡಿದಾಗ ಗುಂಯ್ ಒಂದಕ್ಕೊಂದು ಕಳಕೋತದ.

ಓದಿದ್ದು ಎಷ್ಟು ಬಂತು ಇಲ್ಲೇ ಬರೀರಿ, ಮುಂದಿಂದು ನೋಡೋಣು.