ತಿಗಣೆಗೆ ಹೊಡೆಯುವುದೆಲ್ಲ ‘ಮದ್ದು’ ಆಗುತ್ತಾ? ಡಿಗ್ರೀಸರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕೊಡಗಿನ ನಾಪೋಕ್ಲು ಕಡೆಯ ಒಂದು ಹೋಂಸ್ಟೇಯಲ್ಲಿ ಕೋಣೆ, ಅಡುಗೆಮನೆ ಶುಚಿ ಮಾಡುವವರಿಗೆ ಒಂದು ಪುಟದ ಸೂಚನೆ ಬರೆದುಕೊಡುತ್ತಿದ್ದೇನೆ. ಒಲೆಯ ಜಿಡ್ಡು, ಮಂಚದ ತಿಗಣೆ ಎರಡೂ ಅದೇ ಹಾಳೆಯಲ್ಲಿ ಬರಬೇಕು. ಕೆಲವು ಪದಗಳ ಹತ್ತಿರ ತಡವರಿಸುತ್ತಿದ್ದೇನೆ. ಬಲ್ಲವರು ಹೇಳಬೇಕು.

ದೊಡ್ಡ ತೊಡಕು ‘ಮದ್ದು’. ಕೊಡಗಿನ ತೋಟಗಳಲ್ಲಿ ಪಂಪಿನಿಂದ ಹೊರಗೆ ಬರುವುದೆಲ್ಲ ಮದ್ದೇ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಸೇರಿಸಿದ್ದು, ಎಲೆ ಮೇಲೆ ನೀಲಿಯಾಗಿ ಅಂಟಿಕೊಂಡು ವಾರಗಟ್ಟಲೆ ಕಾಯುತ್ತದೆ. ಹಾಗಾಗಿ ‘ಮದ್ದು ಹೊಡೆದಾಯ್ತು’ ಅಂದರೆ ಇನ್ನು ಸ್ವಲ್ಪ ದಿನ ಆ ಕಡೆ ನೋಡಬೇಕಿಲ್ಲ ಅಂತಲೇ ಅರ್ಥ. ಒಲೆಗೆ ತಂದ ಡಿಗ್ರೀಸರನ್ನು, ಅಂದರೆ ಜಿಡ್ಡು ತೆಗೆಯುವ ಲಿಕ್ವಿಡನ್ನು, ಮಂಚದ ಸಂದಿಗೆ ಹೊಡೆದವರೂ ಅದನ್ನು ‘ತಿಗಣೆ ಮದ್ದು’ ಅನ್ನುತ್ತಾರೆ. ಎಡವಟ್ಟು ಅಲ್ಲೇ. ನೇರವಾಗಿ ಮೈಮೇಲೆ ಬಿದ್ದರೆ ತಿಗಣೆ ಸಾಯಬಹುದು, ನಿಜ. ಆದರೆ ಒಣಗಿದ ಮೇಲೆ ಅದರಲ್ಲಿ ಏನೂ ಕಸುವಿಲ್ಲ. ಸಂದಿಯೊಳಗೆ ಅಂಟಿಸಿಟ್ಟ ಮೊಟ್ಟೆಗಳು ಒಂದು ವಾರ, ಹತ್ತು ದಿನದಲ್ಲಿ ಒಡೆದು ಮರಿ ಆಚೆ ಬರುತ್ತವೆ. ಕೃಷಿ ಕೈಪಿಡಿಗಳಲ್ಲಿ ‘ಸ್ಪರ್ಶ ಕೀಟನಾಶಕ’ (ಮೈಗೆ ತಾಗಿದರೆ ಕೊಲ್ಲುವುದು), ‘ಅಂತರ್ವ್ಯಾಪಿ ಕೀಟನಾಶಕ’ (ಗಿಡದೊಳಗೆ ಹರಡಿ ಕೊಲ್ಲುವುದು) ಅಂತ ಬೇರೆ ಬೇರೆ ಹೆಸರಿವೆ. ಡಿಗ್ರೀಸರ್ ಕೀಟನಾಶಕವೇ ಅಲ್ಲವಲ್ಲ, ಆ ಪದ ಹೇಗೆ ಹಚ್ಚೋದು?

ಗೊಂದಲಕ್ಕೆ ‘ತಿಗಣೆ’ ಅನ್ನುವ ಹೆಸರೂ ಒಂದು ಕಾರಣ ಅಂತ ನನ್ನ ಗುಮಾನಿ. ಕಾಫಿ ಗಿಡದ ಗಂಟುಗಳಲ್ಲಿ ಬಿಳಿ ಹಿಟ್ಟು ಉದುರಿಸಿದ ಹಾಗೆ ಕೂರುವ ಹುಳುವಿಗೂ ‘ಹಿಟ್ಟು ತಿಗಣೆ’ ಅಂತಾರೆ. ಅದಕ್ಕೆ ಸೋಪುನೀರು ಚೆನ್ನಾಗಿ ನಾಟುತ್ತದೆ. ಆ ಬಿಳಿ ಹಿಟ್ಟು ಮೇಣ, ಸೋಪು ಅದನ್ನು ಕದಡುತ್ತದೆ. ಹುಳುವೂ ಕಣ್ಣೆದುರಿಗೇ ಕೂತಿರುತ್ತದೆ, ಓಡಿಹೋಗುವುದಿಲ್ಲ. ತೋಟದಲ್ಲಿ ಕೆಲಸ ಮಾಡಿದವರು ಮನೆಯ ತಿಗಣೆಗೂ ಅದೇ ಸಾಕು ಅಂದುಕೊಂಡರೆ ತಪ್ಪೇನಿದೆ? ಆದರೆ ಮನೆಯ ತಿಗಣೆ ಹಗಲೆಲ್ಲ ಮಂಚದ ಕೀಲು, ಹಾಸಿಗೆಯ ಹೊಲಿಗೆ, ಸ್ವಿಚ್‌ಬೋರ್ಡಿನ ಹಿಂದೆ ಸೇರಿಕೊಂಡಿರುತ್ತದೆ. ಬಾಟಲಿಯ ಹನಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಹಾಳೆಯಲ್ಲಿ ‘ಮಂಚದ ತಿಗಣೆ’ ಅಂತ ಬಿಡಿಸಿ ಬರೆದರೆ ಸಾಕಾ, ಅಥವಾ ಕೊಡಗಿನಲ್ಲಿ ಇದಕ್ಕೆ ಬೇರೆ ಹೆಸರಿದೆಯಾ? ‘ತಗಣೆ’ ಅನ್ನುವವರನ್ನೂ ಕೇಳಿದ್ದೇನೆ. ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲುಮನೆಗಳ) ತಮಿಳರು ‘ಮೂಟ್ಟೆಪೂಚ್ಚಿ’ ಅಂತಾರೆ, ಮಲಯಾಳದವರು ‘ಮೂಟ್ಟ’ ಅಂತಾರೆ.

ಇನ್ನು ಹಾಸಿಗೆ ಅಂಚಿನಲ್ಲಿ ತಿಗಣೆ ಬಿಟ್ಟುಹೋದ ಕಪ್ಪು ಚುಕ್ಕಿಗಳು. ಪೆನ್ನಿನ ತುದಿ ಒತ್ತಿದಷ್ಟು ಸಣ್ಣವು, ಹೊಲಿಗೆ ಉದ್ದಕ್ಕೂ ಗುಂಪಾಗಿರುತ್ತವೆ. ಕೋಣೆ ಒರೆಸುವವರು ಇವನ್ನು ‘ಕೊಳೆ’ ಅಂತ ಡಿಗ್ರೀಸರ್ ಹಾಕಿ ತಿಕ್ಕಿಬಿಡುತ್ತಾರೆ. ಗುರುತು ಹೋಯಿತು, ತಿಗಣೆ ಉಳಿಯಿತು. ಜೂನ್‌ನಿಂದ ಮೂರು ತಿಂಗಳು ಇಲ್ಲಿ ಹಾಸಿಗೆಗೆ ಬೂಷ್ಟು ಬೇರೆ ಹಿಡಿಯುತ್ತದೆ, ಅದೂ ಕಪ್ಪೇ. ಒದ್ದೆ ಹತ್ತಿಯಲ್ಲಿ ಒತ್ತಿ ಎಳೆದರೆ ತಿಗಣೆಯದು ಕಂದುಗಪ್ಪಾಗಿ ಹರಡುತ್ತದೆ. ಅರಗಿದ ರಕ್ತ ತಾನೇ ಅದು. ನಾನು ‘ತಿಗಣೆ ಹಿಕ್ಕೆ’ ಅಂತ ಬರೆದಿದ್ದೇನೆ. ಹಿಕ್ಕೆ ಅಂದರೆ ಆಡು, ಇಲಿಗಳದ್ದು ಮಾತ್ರ ಅಂತ ಒಬ್ಬರ ತಕರಾರು. ನೊಣದ ಹಿಕ್ಕೆ ಅನ್ನುತ್ತೇವಲ್ಲ?

ಡಿಗ್ರೀಸರ್‌ಗೆ ‘ಜಿಡ್ಡುನಿವಾರಕ’ ಅಂದರೆ ತಲೆನೋವಿನ ಮಾತ್ರೆಯ ಹಾಗೆ ಕೇಳಿಸುತ್ತದೆ. ‘ಜಿಡ್ಡುಗಳೆ’ ಚುರುಕಾಗಿದೆ, ಆದರೆ ಓದಿದವರು ನಕ್ಕುಬಿಟ್ಟರು. ಪಂದಿಕರಿ (ಹಂದಿಮಾಂಸದ ಸಾರು) ಮಾಡಿದ ಒಲೆಯ ಹಿಂದಿನ ಗೋಡೆಗೆ ಮಸಿ, ಕೊಬ್ಬು ಸೇರಿ ಕಟ್ಟಿದ ಪದರ ನೋಡಿದವರಿಗೆ ಈ ಲಿಕ್ವಿಡ್‌ನ ಬೆಲೆ ಗೊತ್ತು. ಮೊದಲು ಆ ಕೆಲಸ ಬೂದಿಯ ಕ್ಷಾರ, ಅಂಟುವಾಳ ಮಾಡುತ್ತಿದ್ದವು. ‘ಜಿಡ್ಡಿನ ಸೋಪುನೀರು’ ಅನ್ನುವುದೇ ನನಗೆ ಇಷ್ಟ. ಸೋಪುನೀರು ನಾಳೆಗೂ ಕಾಯುತ್ತದೆ ಅಂತ ಯಾರೂ ನಂಬುವುದಿಲ್ಲ. ಜೊತೆಗೆ ಕ್ರಿಯಾಪದವೂ ‘ಹೊಡೆ’ ಬೇಡ, ‘ಹಾಕಿ ಉಜ್ಜಿ, ಒರೆಸಿ’ ಇರಲಿ. ‘ಹೊಡೆ’ ಅಂದ ಕೂಡಲೇ ಮದ್ದು ನೆನಪಾಗುತ್ತದೆ. ಬ್ಲೀಚಿಂಗ್ ಪುಡಿಗೆ ಟಾಯ್ಲೆಟ್ ಆಸಿಡ್ ಬೆರೆಸಬಾರದು ಅನ್ನುವುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಕ್ಲೋರಿನ್ ಅನಿಲ ಎದ್ದರೆ ಪದಚರ್ಚೆಗೆ ಪುರುಸೊತ್ತು ಇರುವುದಿಲ್ಲ.

ತಿಗಣೆಗೆ ನಿಜವಾಗಿ ಮಾಡಬೇಕಾದದ್ದು ಬಿಸಿ. ಸುಮಾರು 55 ಡಿಗ್ರಿ ಮುಟ್ಟಿದರೆ ಮೊಟ್ಟೆಯೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಬಿಸಿಲಿಲ್ಲ, ಆದರೆ ಬಚ್ಚಲಿನ ಹಂಡೆ ಕಾಯುತ್ತಲೇ ಇರುತ್ತದೆ. ಚಾದರ, ದಿಂಬಿನ ಚೀಲ ಕುದಿನೀರಿಗೆ. ಮಂಚದ ಸಂದಿಗೆ ಸ್ಟೀಮರ್. ಈ ಸ್ಟೀಮರ್ ಕೆಲಸಕ್ಕೆ ‘ಹಬೆ ಹಿಡಿಯಿರಿ’ ಅಂತ ಬರೆದೆ. ‘ಹಬೆ ತೆಗೆದುಕೊಳ್ಳುವುದು’ ಶೀತಕ್ಕಲ್ವಾ, ಮಂಚಕ್ಕೂ ಶೀತವಾ ಅಂತ ಒಬ್ಬರು ಕೇಳಿದರು. ‘ಹಬೆ ಹಾಯಿಸಿ’ ಅಂದರೆ ಸರಿಹೋಗುತ್ತಾ? ಕೊಡಗಿನವರು ಯಾರಾದರೂ ಇದ್ದರೆ ನಿಮ್ಮ ಮನೆಯಲ್ಲಿ ಏನಂತೀರಿ, ಅದನ್ನೇ ಬರೆಯಿರಿ.