ಕಿಟ್ ಹಂಚೋ ವಿಚಾರಕ್ಕೆ ನನ್ನ ಉತ್ತರ, ಸ್ವಲ್ಪ ಉದ್ದ ಆಯ್ತು

ಎಲ್ಲರಿಗೂ ನಮಸ್ಕಾರ. ಮೇಷ್ಟ್ರೇ, ನೀವು ಬೆಳಗ್ಗೆ ಹಾಕಿದ್ದನ್ನ ಈಗ ನೋಡಿದೆ. ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗುತ್ತೆ, ಅದಕ್ಕೆ ಮಾತಾಡೇ ಕಳಿಸ್ತಿದ್ದೀನಿ. ಉದ್ದ ಆಗುತ್ತೆ, ಒಗ್ಗರಣೆ ಹಾಕ್ತಾ ಕೇಳ್ಕೊಳ್ಳಿ. ಬೆಳಗ್ಗೆ ನೋಡದೇ ಇರೋರಿಗೆ ಹೇಳ್ತೀನಿ: ನಮ್ಮ ಬಳಗದಲ್ಲಿ ರಾಜ್ಯೋತ್ಸವಕ್ಕೆ ಕೂಡಿಸಿದ ದುಡ್ಡು ಸ್ವಲ್ಪ ಉಳಿದಿದೆ, ಅದರಲ್ಲಿ ಹಿಂದಿನ ರಸ್ತೆ ಸ್ಲಂ ಬೋರ್ಡ್ ಕ್ವಾರ್ಟರ್ಸ್‌ನೋರಿಗೆ ಒಂದು ಭಾನುವಾರ ಶಾಮಿಯಾನ ಹಾಕಿಸಿ ರೇಷನ್ ಕಿಟ್ ಕೊಡೋಣ ಅಂತ ಮೇಷ್ಟ್ರು ಕೇಳಿದ್ದಾರೆ. ಹತ್ತು ಕೆಜಿ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಒಂದು ಬ್ಯಾನರು.

ಮನಸ್ಸು ಒಳ್ಳೇದೇ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದ್ರೆ ಅಕ್ಕಿ ಯಾಕ್ರೀ? ಅನ್ನಭಾಗ್ಯ 2013ರಿಂದ ನಡೀತಿದೆ, ರೇಷನ್ ಕಾರ್ಡ್ ಇರೋ ಮನೇಲಿ ಅಕ್ಕಿಗೆ ಅಷ್ಟು ಕೊರತೆ ಇಲ್ಲ. ಆ ಬ್ಲಾಕ್‌ಗಳಲ್ಲಿ ನಿಜವಾಗ್ಲೂ ಕಷ್ಟದಲ್ಲಿರೋದು ಕಾರ್ಡೇ ಇಲ್ಲದೋರು, ಇಲ್ಲ ಅಂದ್ರೆ ಕಾರ್ಡ್‌ನಲ್ಲಿ ಹೆಸರು ಬಿಟ್ಟುಹೋದೋರು. ಶಾಮಿಯಾನದ ಕ್ಯೂನಲ್ಲಿ ಅವರು ಸಿಗಲ್ಲ. ಕ್ಯೂನಲ್ಲಿ ಮುಂದೆ ಬರೋರು ಯಾರು ಅಂತ ಎಲ್ಲರಿಗೂ ಗೊತ್ತಿರೋದೇ, ನನ್ನ ಬಾಯಲ್ಲಿ ಹೇಳಿಸ್ಬೇಡಿ.

ಆ ಮನೆಗಳು ಹೇಗಿವೆ ಅಂತ ಒಳಗೆ ಹೋಗಿ ನೋಡದೇ ಇರೋರಿಗೆ ಸ್ವಲ್ಪ ಹೇಳ್ತೀನಿ. 2005ರ ಕೊನೇಲಿ ಕೇಂದ್ರದ ನರ್ಮ್, ಅಂದ್ರೆ ನೆಹರು ಹೆಸರಿನ ನಗರ ನವೀಕರಣ ಯೋಜನೆ ಬಂತಲ್ಲ, ಆಗಿಂದ ಗುಡಿಸಲು ಇದ್ದ ಕಡೆ ಕಟ್ಟಿಸಿದ್ದು ಇಂಥ ಗ್ರೌಂಡ್ ಪ್ಲಸ್ ತ್ರೀ ಬ್ಲಾಕ್‌ಗಳು. ಮನೆ ಒಳಗಿನ ಜಾಗ ಕನಿಷ್ಠ 25 ಚದರ ಮೀಟರ್ ಇರ್ಬೇಕು ಅಂತ ಆ ಯೋಜನೇಲಿ ನಿಯಮ ಇತ್ತು, ಅಂದ್ರೆ ಸುಮಾರು 270 ಚದರಡಿ. ನಮ್ಮ ಅಪಾರ್ಟ್‌ಮೆಂಟಿನ ಒಂದು ಹಾಲ್‌ನಷ್ಟು. ಅದರಲ್ಲೇ ಹಾಲ್, ರೂಮು, ಅಡುಗೆಮನೆ, ಬಚ್ಚಲು ಎಲ್ಲ. ಲಿಫ್ಟ್ ಇಲ್ಲ. ಮೂರನೇ ಮಹಡೀಲಿ ಒಬ್ಬ ಅಜ್ಜಿ ಸೊಂಟ ಮುರ್ಕೊಂಡಿದ್ದಾರೆ, ಆಮೇಲೆ ಅವರು ಕೆಳಗಿನ ನೆಲ ಮೆಟ್ಟಿಲ್ಲ. ಸಂಪಿನ ಮೋಟರ್ ಸುಟ್ಟುಹೋದ ವಾರ ಅವರ ಸೊಸೆ ಟ್ಯಾಂಕರ್ ನೀರನ್ನ ಬಿಂದಿಗೇಲಿ ಹೊತ್ತು ಮೂರು ಮಹಡಿ ಹತ್ತಿದಳು, ಗಾರ್ಮೆಂಟ್ಸ್‌ನಿಂದ ಬಂದ ಮೇಲೆ. ಗುಡಿಸಲಲ್ಲಿ ಇದ್ದಾಗ ಬೀದಿ ನಲ್ಲಿ ಇತ್ತು, ಕರೆಂಟಿಗೆ ಯಾರೂ ಬಿಲ್ ಕೇಳ್ತಿರಲಿಲ್ಲ. ಪಕ್ಕಾ ಮನೆಗೆ ಬಂದ ಮೇಲೆ ಕರೆಂಟ್ ಬಿಲ್, ನೀರಿನ ಬಿಲ್, ಮೋಟರ್ ರಿಪೇರಿ, ಮೆಟ್ಟಿಲಿನ ಲೈಟು, ಎಲ್ಲಕ್ಕೂ ಮನೆಮನೆ ದುಡ್ಡು ಎತ್ತಬೇಕು. ಒಂದು ಮನೇಲಿ ಕೊಡಲಿಲ್ಲ ಅಂದ್ರೆ ಅಲ್ಲಿಂದ ಜಗಳ ಶುರು.

ಇನ್ನೊಂದು ವಿಷಯ. ಪಟ್ಟಿ ಹಿಡ್ಕೊಂಡು ಹೆಸರು ಬರ್ಕೊಳ್ಳೋಕೆ ಬರೋರನ್ನ ಕಂಡ್ರೆ ಅಲ್ಲಿಯ ಜನ ಮುಖ ಗಂಟು ಹಾಕ್ತಾರೆ. ಅದು ಕೊಬ್ಬಲ್ಲ. ಈಜೀಪುರ ನೆನಪಿದೆಯಲ್ಲ? ಅಲ್ಲಿ ಬಡವರಿಗೆ ಅಂತ ಕಟ್ಟಿದ ಕ್ವಾರ್ಟರ್ಸ್‌ನಲ್ಲಿ 2007ರಲ್ಲಿ ಒಂದು ಕಟ್ಟಡ ಕುಸೀತು. ಮತ್ತೆ ಕಟ್ಟಿಕೊಡ್ತೀವಿ ಅಂದ್ರು, ಜನ ತಗಡಿನ ಶೆಡ್‌ಗಳಲ್ಲಿ ಕಾದರು. 2013ರ ಜನವರಿಯಲ್ಲಿ ಜೆಸಿಬಿ ಬಂದು ಶೆಡ್‌ಗಳನ್ನೇ ನೆಲಸಮ ಮಾಡ್ತು, ಸಾವಿರಕ್ಕೂ ಹೆಚ್ಚು ಸಂಸಾರ ಬೀದಿಗೆ ಬಂತು. ಎಷ್ಟೋ ಜನ ಅಲ್ಲೇ ಫುಟ್‌ಪಾತ್ ಮೇಲೆ ವರ್ಷಗಟ್ಟಲೆ ಇದ್ದರು. ಬೆಂಗಳೂರಿನ ಯಾವ ಕ್ವಾರ್ಟರ್ಸ್‌ಗೆ ಹೋದ್ರೂ ಆ ಕಥೆ ಗೊತ್ತಿರೋರು ಇದ್ದೇ ಇರ್ತಾರೆ. ಹೀಗಿರೋವಾಗ ನಾವು ಬ್ಯಾನರ್ ಕಟ್ಟಿ ಆಧಾರ್ ಜೆರಾಕ್ಸ್ ತನ್ನಿ ಅಂದ್ರೆ ಅವರು ಏನಂತ ನಂಬ್ತಾರೆ?

ಹಾಗಾದ್ರೆ ಏನು ಮಾಡ್ಬೇಕಮ್ಮ ಅಂತೀರಾ. ನಾನು ಬ್ಯಾಂಕಲ್ಲಿದ್ದೋಳು, ನನಗೆ ಕಣ್ಣಿಗೆ ಬೀಳೋದು ಕಾಗದಪತ್ರವೇ. ನನ್ನ ಮಾತಲ್ಲಿ ಆ ಪಕ್ಷಪಾತ ಇದೆ ಅಂತ ಇಟ್ಕೊಂಡೇ ಕೇಳಿ. ಅಲ್ಲಿಯ ಸ್ತ್ರೀಶಕ್ತಿ ಸಂಘದೋರು ಕರೆದಿದ್ದಕ್ಕೆ ಆಗಾಗ ಹೋಗ್ತಿರ್ತೀನಿ. ಒಬ್ಬಾಕೆ, ಎರಡು ಮನೆ ಪಾತ್ರೆ ತೊಳೀತಾಳೆ, ಗೃಹಲಕ್ಷ್ಮಿ ದುಡ್ಡು ನನಗೆ ಒಂದು ತಿಂಗಳೂ ಬಂದಿಲ್ಲ ಅಂತ ಅತ್ತಳು. ಅಕ್ಕಪಕ್ಕದೋರಿಗೆಲ್ಲ ಎರಡೆರಡು ಸಾವಿರ ಬರ್ತಿದೆ, ಇವಳಿಗೆ ಮಾತ್ರ ಇಲ್ಲ. ಅರ್ಜಿ ಸರಿ ಇದೆ, ಕಾರ್ಡ್‌ನಲ್ಲಿ ಯಜಮಾನಿ ಅವಳೇ. ಆಮೇಲೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಅವಳ ಫೋನಲ್ಲೇ ನೋಡಿದ್ವಿ. ಗುಡಿಸಲಲ್ಲಿದ್ದಾಗ, 2014ರಲ್ಲಿ ಜನಧನ್ ಅಂತ ಯಾರೋ ಕ್ಯಾಂಪ್ ಹಾಕಿ ತೆರೆಸಿದ್ದ ಖಾತೆ! ಪಾಸ್‌ಬುಕ್ ಎಲ್ಲಿದೆಯೋ, ಅಂಥದ್ದೊಂದು ಖಾತೆ ಇದೆ ಅನ್ನೋದೇ ಅವಳಿಗೆ ಮರೆತುಹೋಗಿತ್ತು. ಆ ಬ್ರಾಂಚಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ರೆ ಕಂತು ಕಂತಾಗಿ ಅಷ್ಟೂ ಅಲ್ಲೇ ಕೂತಿದೆ. ಪಾಸ್‌ಬುಕ್ ತಿರುಗಿಸಿ ತಿರುಗಿಸಿ ನೋಡಿದಳು, ಆಮೇಲೆ ಮೊದಲು ಕೇಳಿದ್ದೇ, ‘ಇದನ್ನ ನನ್ನ ಗಂಡನ ಮೊಬೈಲಿಗೆ ಮೆಸೇಜ್ ಹೋಗದ ಹಾಗೆ ಮಾಡೋಕಾಗುತ್ತಾ ಅಮ್ಮ?’ ಅಂತ. ಅವಳ ನಂಬರೇ ಹಾಕಿಸಿಕೊಟ್ವಿ.

ಮೇಷ್ಟ್ರೇ, ನಮ್ಮ ಕಿಟ್‌ಗೆ ಒಂದು ಸಾವಿರ ರೂಪಾಯಿ ಬೀಳುತ್ತೆ ಅಂದ್ಕೊಳ್ಳಿ. ಆ ಹೆಣ್ಣುಮಗಳಿಗೆ ಅದರ ಎರಡರಷ್ಟು ಪ್ರತಿ ತಿಂಗಳೂ ಬರ್ತಿತ್ತು, ಅವಳಿಗೇ ಗೊತ್ತಿರಲಿಲ್ಲ.

ಅದಕ್ಕೆ ನಾನು ಹೇಳೋದು, ಒಂದು ಮೇಜು ಹಾಕೋಣ. ಒಂದು ಮೇಜು, ನಾಲ್ಕು ಕುರ್ಚಿ, ಒಂದು ಪ್ರಿಂಟರು. ಕ್ವಾರ್ಟರ್ಸ್ ಒಳಗೇ, ಅಂಗನವಾಡಿ ಮುಂದಿನ ಜಗಲೀಲಿ. ಸಂಘದ ಹೆಂಗಸರನ್ನ ಕೇಳಿಯೇ ಹಾಕೋಣ, ಅವರು ಬೇಡ ಅಂದ್ರೆ ಬೇಡ. ಪ್ರತಿ ವಾರ ಅದೇ ದಿನ, ಅದೇ ಹೊತ್ತು. ನಮಗೆ ಅನುಕೂಲ ಅಂತ ಬೆಳಗ್ಗೆ ಹನ್ನೊಂದಕ್ಕೆ ಹೋದ್ರೆ ಅಲ್ಲಿ ಮಕ್ಕಳು, ಮುದುಕರು ಬಿಟ್ರೆ ಯಾರೂ ಸಿಗಲ್ಲ. ಪೌರಕಾರ್ಮಿಕರು ಬೆಳಕು ಹರಿಯೋ ಮುಂಚೆ ಹೋಗಿರ್ತಾರೆ, ಗಾರ್ಮೆಂಟ್ಸ್‌ನೋರು ಸಂಜೆ ಬರ್ತಾರೆ. ಶನಿವಾರ ಸಂಜೆ ಏಳರಿಂದ ಒಂಬತ್ತು, ಅದೇ ಸರಿಯಾದ ಹೊತ್ತು. ನಮ್ಮ ಧಾರಾವಾಹಿ ಒಂದು ದಿನ ತಪ್ಪಿದ್ರೆ ಏನೂ ಆಗಲ್ಲ.

ಮೇಜಿಗೆ ಏನೇನು ಬರುತ್ತೆ ಅಂದ್ರೆ, ಒಂದಕ್ಕೊಂದು ಗಂಟು ಬಿದ್ದಿರೋ ಸಣ್ಣ ಸಣ್ಣ ಕೆಲಸಗಳೇ. ಹಳೇ ಗುಡಿಸಲಿನ ವಿಳಾಸ ಆಧಾರ್‌ನಲ್ಲಿ ಹಾಗೇ ಇರುತ್ತೆ, ಹಕ್ಕುಪತ್ರ ಅತ್ತೆ ಹೆಸರಲ್ಲಿ, ಸೊಸೆಗೆ ವಿಳಾಸದ ದಾಖಲೆಯೇ ಇಲ್ಲ. 2023ರಿಂದ ಕುಟುಂಬದ ಯಜಮಾನರು ಒಪ್ಪಿಗೆ ಕೊಟ್ರೆ ಅವರ ವಿಳಾಸಾನೇ ಮನೆಯೋರ ಆಧಾರ್‌ಗೂ ಆನ್‌ಲೈನಲ್ಲಿ ಹಾಕಿಸಬಹುದು. ಅತ್ತೆ ತಮ್ಮ ಫೋನಿಗೆ ಬರೋ ಓಟಿಪಿ ಹಾಕಿ ಒಪ್ಪಿಗೆ ಕೊಡ್ಬೇಕು. ಅತ್ತೆ ಸೊಸೆ ಮಾತಾಡ್ತಿರಬೇಕು, ಅಷ್ಟೇ! ಗೃಹಜ್ಯೋತಿ ಫ್ರೀ ಕರೆಂಟಿಂದೂ ಹಾಗೇ, ಮನೆ ಬದಲಾಯಿಸಿದೋರು ಹಳೇ ಮನೆ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಸೇರಿಸ್ಬೇಕು, ಅದು ಗೊತ್ತಿಲ್ಲದೆ ಪೂರ್ತಿ ಬಿಲ್ ಕಟ್ತಿರ್ತಾರೆ. ಆ ಮೂರನೇ ಮಹಡಿ ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ತರೋಕೆ ಹೋಗೋರಿಲ್ಲ. ಪೋಸ್ಟ್‌ಮ್ಯಾನ್‌ಗೆ ಹೇಳಿದ್ರೆ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮಷೀನ್ ತಂದು ಮನೆ ಬಾಗಿಲಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡ್ತಾರೆ, ಯಾವ ಬ್ಯಾಂಕಿನ ಖಾತೆ ಆದ್ರೂ ಆಧಾರ್ ಜೋಡಣೆ ಆಗಿದ್ರೆ ನಡೆಯುತ್ತೆ. ಪಾತ್ರೆ ತಿಕ್ಕಿ ತಿಕ್ಕಿ ಬೆರಳಿನ ಗೆರೆ ಸವೆದಿರೋರಿಗೆ ಮಾತ್ರ ಅದೇ ಒಂದು ದೊಡ್ಡ ಫಜೀತಿ, ಅಂಥೋರನ್ನ ಆಧಾರ್ ಕೇಂದ್ರಕ್ಕೆ ಕರ್ಕೊಂಡು ಹೋಗಿ ಬಯೋಮೆಟ್ರಿಕ್ ಹೊಸದಾಗಿ ಕೊಡಿಸ್ಬೇಕು.

ಈ ಒಂದೊಂದಕ್ಕೂ ಈಗ ಬ್ರೋಕರ್‌ಗಳು ಐನೂರು, ಸಾವಿರ ಕೀಳ್ತಿದ್ದಾರೆ. ಮೇಜು ಹಾಕಿದ್ರೆ ಅವರಿಗೆ ನಮ್ಮ ಮೇಲೆ ಸಿಟ್ಟು ಬರುತ್ತೆ, ಬರಲಿ.

ಕೈ ಹಾಕಬಾರದ ಕೆಲಸಗಳೂ ಇವೆ. ಲೇಬರ್ ಕಾರ್ಡ್ ಮಾಡಿಸಿಕೊಡಿ ಅಂತ ತುಂಬ ಜನ ಬರ್ತಾರೆ. ಅದು ಕಟ್ಟಡ ಕಾರ್ಮಿಕರಿಗೆ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರೋ ದಾಖಲೆ ಬೇಕು. ಗಾರೆ ಕೆಲಸದೋರು, ಸೆಂಟ್ರಿಂಗ್‌ನೋರು, ಪೇಂಟರ್‌ಗಳು ಆ ಬ್ಲಾಕ್‌ಗಳಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ಖಂಡಿತ ಮಾಡಿಸೋಣ, ಮಕ್ಕಳ ಓದಿಗೆ ಸಹಾಯಧನ ಬರುತ್ತೆ. ಆದ್ರೆ ಟೈಲರ್‌ಗೂ ಆಟೋದೋರಿಗೂ ‘ಆಗುತ್ತೆ ಬನ್ನಿ’ ಅನ್ನಬಾರದು, ಬೋಗಸ್ ಅಂತ ರದ್ದಾದ ಕಾರ್ಡ್‌ಗಳು ಲೆಕ್ಕವಿಲ್ಲದಷ್ಟಿವೆ. ಹಾಗೇ ಆರ್‌ಟಿಇ. ಪ್ರೈವೇಟ್ ಸ್ಕೂಲಲ್ಲಿ ಫ್ರೀ ಸೀಟ್ ಕೊಡಿಸ್ತೀವಿ ಅಂತ ಯಾರೂ ಮಾತು ಕೊಡಬೇಡಿ. 2019ರಲ್ಲಿ ನಮ್ಮ ರಾಜ್ಯದಲ್ಲಿ ನಿಯಮ ಬದಲಾದ ಮೇಲೆ ಹತ್ತಿರದಲ್ಲಿ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ರೆ ಆ ಸೀಟು ಸಿಗಲ್ಲ. ಅದರ ಬದಲು ಮೇಷ್ಟ್ರೇ, ನೀವು ಮೂವತ್ತು ವರ್ಷ ಗಣಿತ ಹೇಳಿಕೊಟ್ಟೋರು, ಎಸ್‌ಎಸ್‌ಎಲ್‌ಸಿ ಮಕ್ಕಳನ್ನ ಅದೇ ಜಗಲೀಲಿ ಕೂರಿಸ್ಕೊಳ್ಳಿ. ಆ ಮನೆಗಳಲ್ಲಿ ಟಿವಿ ಆಫ್ ಮಾಡಿದ್ರೂ ಪುಸ್ತಕ ಹರಡೋಕೆ ಜಾಗ ಇರಲ್ಲ.

ಫೋಟೋ ಬೇಡ. ದಯವಿಟ್ಟು. ಆ ಜನರ ಆಧಾರ್, ಕಾರ್ಡ್ ನಂಬರ್ ಇರೋ ಪಟ್ಟಿಯನ್ನೂ ಈ ಗುಂಪಿಗೆ ಹಾಕಬೇಡಿ. ನಮ್ಮ ಪಾನ್ ಕಾರ್ಡ್ ಯಾರಾದ್ರೂ ಹೀಗೆ ಹಾಕಿದ್ರೆ ನಾವು ಸುಮ್ನಿರ್ತೀವಾ?

ಈಗ ಹೇಳೋದು ಕೆಲವರಿಗೆ ಹಿಡಿಸಲ್ಲ. ಆ ಕ್ವಾರ್ಟರ್ಸ್‌ನ ಹೆಂಗಸರಲ್ಲಿ ಬಹಳ ಜನ ನಮ್ಮ ಮನೆಗಳಿಗೇ ಕೆಲಸಕ್ಕೆ ಬರೋದು. ವಾರಕ್ಕೊಂದು ರಜೆ ಕೊಡೋ ಮನೆ ನಮ್ಮಲ್ಲಿ ಎಷ್ಟಿವೆ? ಜ್ವರ ಬಂದು ಎರಡು ದಿನ ಬರಲಿಲ್ಲ ಅಂದ್ರೆ ಸಂಬಳ ಕತ್ತರಿಸೋರು ಯಾರ್ಯಾರು ಅಂತ ಲಿಫ್ಟಲ್ಲಿ ನಿಂತ್ರೆ ಕೇಳುತ್ತೆ. ಒಂದು ಕಡೆ ಸಂಬಳ ಕತ್ತರಿಸಿ ಇನ್ನೊಂದು ಕಡೆ ಕಿಟ್ ಕೊಟ್ರೆ ಅವರಿಗೆ ಲೆಕ್ಕ ಬರಲ್ವಾ? ನಮಗಿಂತ ಚೆನ್ನಾಗಿ ಬರುತ್ತೆ. ಇದನ್ನ ಅಸೋಸಿಯೇಷನ್ ಮೀಟಿಂಗಲ್ಲಿ ಬೇರೆಯಾಗಿ ಎತ್ತುತೀನಿ, ಇಲ್ಲಿ ಜಗಳ ಬೇಡ.

ದುಡ್ಡಿನ ವಿಚಾರ. ಉಳಿದಿರೋದರಲ್ಲಿ ಪ್ರಿಂಟರ್ ಒಂದು, ಪೇಪರ್, ಇಂಕು, ಆಧಾರ್ ಅಪ್‌ಡೇಟ್ ಶುಲ್ಕಕ್ಕೆ ಅಂತ ಸ್ವಲ್ಪ. ಇನ್ನೊಂದು ಭಾಗ ಹಾಗೇ ಇರಲಿ. ಆಸ್ಪತ್ರೆ ಅಂತಲೋ, ಬಾಣಂತನ ಅಂತಲೋ ದಿಢೀರ್ ಕಷ್ಟ ಬಂದ ಮನೆಗೆ ಸಂಘದ ಹೆಂಗಸರು ಹೇಳಿದ್ರೆ ದಿನಸಿ ತಲುಪಿಸೋಣ, ರಾತ್ರಿ ಹೊತ್ತು, ಬ್ಯಾನರ್ ಇಲ್ಲದೆ. ಕಾರ್ಡ್ ಇಲ್ಲದ ಮನೆಗಳಿಗೆ, ಕಾರ್ಡ್ ಆಗೋವರೆಗೂ, ಅಕ್ಕಿ ಕೊಡೋಣ. ಮೇಷ್ಟ್ರ ಕಿಟ್ ಪೂರ್ತಿ ಬೇಡ ಅಂತ ನಾನು ಹೇಳ್ತಿಲ್ಲ ನೋಡಿ.

ಸಿ ಬ್ಲಾಕ್ ಡಾಕ್ಟ್ರಮ್ಮ, ನೀವು ತಿಂಗಳಿಗೊಂದು ಶನಿವಾರ ಬಂದ್ರೆ ಬಿಪಿ, ಶುಗರ್ ನೋಡಬಹುದು, ಆಯುಷ್ಮಾನ್ ಕಾರ್ಡ್ ಇಲ್ಲದೋರನ್ನ ಮೇಜಿಗೆ ಕಳಿಸಿ. ಹುಡುಗರಲ್ಲಿ ಇಬ್ಬರು ಬೇಕು, ಲ್ಯಾಪ್‌ಟಾಪ್ ಜೊತೆ, ಕನ್ನಡ ಸರಿಯಾಗಿ ಟೈಪ್ ಮಾಡೋರು. ತಮಿಳು, ತೆಲುಗು, ಉರ್ದು ಬರೋರಿದ್ರೆ ಇನ್ನೂ ಒಳ್ಳೇದು, ಅಲ್ಲಿ ನಾಲ್ಕೂ ಭಾಷೆ ನಡೆಯುತ್ತೆ. ಬರೋರು ಈ ಮೆಸೇಜ್ ಕೆಳಗೆ ಹೆಸರು ಹಾಕಿ, ನಾಳೆ ಸಂಜೆ ಸಂಘದ ಅಧ್ಯಕ್ಷೆ ಜೊತೆ ಮಾತಾಡಿ ಜಗಲಿ ವಿಷಯ ತಿಳಿಸ್ತೀನಿ. ಹಳೇ ಪ್ರಿಂಟರ್ ಯಾರ ಮನೇಲಾದ್ರೂ ಸುಮ್ನೆ ಬಿದ್ದಿದ್ರೆ ಹೇಳಿ, ಹೊಸದು ತರೋ ದುಡ್ಡು ಉಳಿಯುತ್ತೆ.