ಅನ್ನನಾಳದಲ್ಲಿ ಸಾರ್ಕೋಮಾ ಅನ್ನೋ ಅಪರೂಪದ ಕ್ಯಾನ್ಸರ್ ಅಂದಿದ್ದಾರೆ, ಇದನ್ನು ಕಂಡವರು ಯಾರಾದರೂ ಇದ್ದೀರಾ?

ಅಪ್ಪನಿಗೆ 61. ಮೂರು ತಿಂಗಳಿಂದ ಮುದ್ದೆ ನುಂಗಿದರೆ ಎದೆಯಲ್ಲೇ ನಿಂತ ಹಾಗಾಗುತ್ತೆ. ಮೊದಲ ಬಯಾಪ್ಸಿಯಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲಿ ‘ಸ್ಪಿಂಡಲ್ ಸೆಲ್ ಗೆಡ್ಡೆ, ಸಾರ್ಕೋಮಾ ಇರಬಹುದು’ ಅಂತ ಬಂದಿದೆ. ಸೋಮವಾರವೇ ಕೀಮೋ ಅಂತಿದ್ದಾರೆ. ಏನು ಮಾಡಲಿ?

ಮೈಸೂರಿನಿಂದ:
ನಮ್ಮಮ್ಮನಿಗೆ ಲಿಯೋಮಯೋಸಾರ್ಕೋಮಾ, ಅಂದರೆ ಸ್ನಾಯುವಿನ ಸಾರ್ಕೋಮಾ ಇತ್ತು. ಮೊದಲ ಬಯಾಪ್ಸಿ ಖಾಲಿ ಬಂದದ್ದಕ್ಕೆ ಡಾಕ್ಟರನ್ನು ಬೈಯಬೇಡಿ. ಅನ್ನನಾಳದ ಮಾಮೂಲಿ ಕ್ಯಾನ್ಸರ್ ಒಳಪದರದಲ್ಲಿ ಹುಟ್ಟಿದರೆ ಇದು ಅದರಡಿಯ ಸ್ನಾಯುವಿನಲ್ಲಿ ಹುಟ್ಟುತ್ತೆ. ಎಂಡೋಸ್ಕೋಪಿಯ ಚಿಮಟಕ್ಕೆ ಸಿಗುವುದು ಮೇಲಿನ ಚೂರು ಮಾತ್ರ. ಅಮ್ಮನಿಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿ, ಸೂಜಿಯಿಂದ ಆಳದ ತುಣುಕು ತೆಗೆದ ಮೇಲೇ ಗೊತ್ತಾಗಿದ್ದು.

ಕೀಮೋಗೆ ಮುಂಚೆ ಐಎಚ್‌ಸಿ (ಯಾವ ಜಾತಿಯ ಗೆಡ್ಡೆ ಅಂತ ತುಣುಕಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ) ಆಗಿದೆಯಾ ಕೇಳಿ. ಸ್ಪಿಂಡಲ್ ಸೆಲ್ ಅಂದರೆ ಕೋಶ ನೂಲುವ ಕದಿರಿನ ಹಾಗೆ ಉದ್ದವಾಗಿದೆ ಅಂತಷ್ಟೇ. ಆ ಪರೀಕ್ಷೆಯಲ್ಲಿ ಡೆಸ್ಮಿನ್, ಎಸ್‌ಎಂಎ ಅನ್ನೋ ಗುರುತುಗಳು ಪಾಸಿಟಿವ್ ಬಂದರೆ ಸ್ನಾಯುವಿನ ಕಡೆಯದು. ಸಿಡಿ117, ಡಾಗ್1 ಅನ್ನೋವು ಬಂದರೆ ಜಿಸ್ಟ್, ಅಂದರೆ ಜೀರ್ಣನಾಳದ ಗೋಡೆಯಲ್ಲಿ ಹುಟ್ಟುವ ಬೇರೆ ಜಾತಿಯ ಗೆಡ್ಡೆ. ಒಳಪದರದ ಮಾಮೂಲಿ ಕ್ಯಾನ್ಸರ್ (ಕಾರ್ಸಿನೋಮಾ) ಕೂಡ ಕೆಲವು ಸಲ ಈ ವೇಷ ಹಾಕುತ್ತಂತೆ. ಜಿಸ್ಟ್‌ಗಾದರೆ ಸಾಮಾನ್ಯ ಕೀಮೋ ಹತ್ತುವುದಿಲ್ಲ, ಇಮ್ಯಾಟಿನಿಬ್ ಅನ್ನೋ ಮಾತ್ರೆ ಬೇಕು. ಅಮ್ಮನಿಗೆ ಆಪರೇಷನ್ನೇ ಮುಖ್ಯವಾಯಿತು.

ಅಪ್ಪನಿಗೆ ನೀರೂ ಇಳಿಯದಿದ್ದರೆ, ರಕ್ತ ವಾಂತಿಯಾದರೆ ಏನನ್ನೂ ಕಾಯಬೇಡಿ, ಆಸ್ಪತ್ರೆಗೆ ಓಡಿ. ಇಲ್ಲವಾದರೆ ಕೀಮೋ ಒಂದು ವಾರ ತಡೆಯಬಹುದಾ ಅಂತ ಡಾಕ್ಟರನ್ನೇ ಕೇಳಿ.

ಹುಬ್ಬಳ್ಳಿಯಿಂದ:
ರಿಪೋರ್ಟಿನ ಜೆರಾಕ್ಸ್ ಸಾಲೂದಿಲ್ರಿ. ಬಯಾಪ್ಸಿ ತುಣುಕು ಇಟ್ಟ ಮೇಣದ ಬ್ಲಾಕ್, ಸ್ಲೈಡ್ ಎರಡೂ ಇಸ್ಕೊಳ್ರಿ. ನಮಗ ಎರಡು ದಿನ ಅಡ್ಡಾಡಿಸಿದ್ರು, ಬರದು ಕೊಟ್ಟ ಮ್ಯಾಲೆ ಕೊಟ್ರು. ಮುಂಬಯಿ ಟಾಟಾ ಮೆಮೋರಿಯಲ್‌ಗೆ ಒಯ್ದ್ವಿ. ಲಿಯೋಮಯೋಸಾರ್ಕೋಮಾ ಅಂದದ್ದು ಅಲ್ಲಿ ಜಿಸ್ಟ್ ಆತು! ಅಣ್ಣ ಈಗ ದಿನಾ 400 ಮಿ.ಗ್ರಾಂ ಇಮ್ಯಾಟಿನಿಬ್ ಮಾತ್ರಿ ಊಟದ ಜೋಡಿ ತಗೋತಾನ. ಮುಂಜಾನೆ ಕಣ್ಣ ಸುತ್ತ ಬಾತಿರತೈತಿ, ಅದು ಮಾತ್ರೀದs ಅಂದ್ರು.

ತುಮಕೂರಿನಿಂದ:
ನಮ್ಮ ಯಜಮಾನರಿಗೆ ಆಪರೇಷನ್ ಆಗಿ ಎರಡು ವರ್ಷ. ಅನ್ನನಾಳ ತೆಗೆದು ಜಠರವನ್ನೇ ಕೊಳವೆ ಮಾಡಿ ಮೇಲಕ್ಕೆಳೆದು ಜೋಡಿಸಿದ್ದಾರೆ. ದಿನಕ್ಕೆ ಏಳು ಸಲ ಚೂರು ಚೂರು ಊಟ. ಮಂಚದ ತಲೆಗಡೆ ಕಾಲಿಗೆ ಇಟ್ಟಿಗೆ ಕೊಟ್ಟಿದ್ದೀವಿ, ಚಪ್ಪಟೆ ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತೆ. ಮೊದಮೊದಲು ಕರುಳಿಗೆ ಹಾಕಿದ ಟ್ಯೂಬಿನಲ್ಲಿ ನಾನು ಜಾಣೆ ಅಂತ ರಾಗಿ ಗಂಜಿ ಸೋಸದೆ ಬಿಟ್ಟೆ. ಕಟ್ಟಿಕೊಂಡು ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಓಡಿದ್ದಾಯಿತು. ಅವರು ಹೇಳಿದ್ದನ್ನಷ್ಟೇ ಹಾಕಿ, ಪ್ರತಿ ಸಲ ನೀರು ಬಿಟ್ಟು ತೊಳೆಯಿರಿ.

ಪ್ರಶ್ನೆ ಕೇಳಿದವರು:
ಈಗಷ್ಟೇ ಫೋನ್ ಮಾಡಿದೆ. ಐಎಚ್‌ಸಿಗೆ ಕಳಿಸಿಯೇ ಇಲ್ಲವಂತೆ. ಒಂದು ವಾರ ಕಾಯಬಹುದು ಅಂದರು. ಸೋಮವಾರ ಬ್ಲಾಕ್ ಇಸ್ಕೊಂಡು ಕಿದ್ವಾಯಿಗೆ ಹೋಗ್ತೀನಿ.